ಫೋಟೊತನಕ ಉಳಿಯದ ಕ್ರಿಸ್ಮಸ್ ಮೇಜು

ಡಿಸೆಂಬರ್ ಬಂತಂದ್ರ ನಾ ಹೈರಾಣ. ಜಹೀರಾಬಾದದಾಗ ನಂದು ಡೆಕೋರೇಶನ್ ಅಂಗಡಿ. ಮದುವಿ ಮಂಟಪ ಕಣ್ಣು ಮುಚ್ಚಿ ಕಟ್ಟತೀನಿ. ಆದರ ಈಗಿನ ಮಂದಿ ಮೊಬೈಲ್ ತೋರಿಸಿ, "ಕ್ರಿಸ್ಮಸ್ ಊಟದ ಮೇಜು ನ್ಯಾಚುರಲ್ ಇರಬೇಕ್ರಿ, ಚಳಿಗಾಲ ಕಾಣಬೇಕ್ರಿ" ಅಂತಾರ. ಪ್ಲಾಸ್ಟಿಕ್ ಹೂವು ನಡಿಯಂಗಿಲ್ಲ. ನಾ ಹೊಲ ಹೊಲ ತಿರುಗಿ ಸಾಮಾನು ತರಬೇಕು. ನನಗ ಬೇಕಾಗಿದ್ದು ಒಂದ. ಅಂಗಡಿ ಬೋರ್ಡಿಗೆ ಹಾಕಾಕ ಅಂಥಾ ಮೇಜಿಂದು ಒಂದು ಛಲೋ ಫೋಟೊ. ಅದನ್ನ ನೋಡಿ ಹೊಸ ಗಿರಾಕಿ ಬರಲಿ ಅಂತ. ಆದರ ಫೋಟೊ ತೆಗಿಯೋತನಕ ಮೇಜು ಉಳಿದ್ರ ತಾನೆ!

ಜಹೀರಾಬಾದದ ಹಿಮ

"ಮೇಜಿನ ಮ್ಯಾಲ ಹಿಮ ಬಿದ್ದಂಗ ಕಾಣಬೇಕು" ಅಂದ್ರು ನಮ್ಮೂರ ನರ್ಸ್ ಅಕ್ಕಾರು. ಹಿಮ ಎಲ್ಲಿಂದ ತರ್ಲಿ? ಕಾಯಿ ಒಡದು ಹತ್ತಿ ಬಿರಿದ ಗಿಡದ ಟೊಂಗಿ ತಂದು ನಿಲ್ಲಿಸಿದೆ. ಬೆಳ್ಳಗ, ಭಾಳ ಚಂದ ಕಾಣ್ತಿತ್ತು. ಫೋಟೊದಾಂವನ್ನ ಕರ್ಕೊಂಡು ಬರೋದ್ರಾಗ, ಊಟಕ್ಕ ಬಂದಿದ್ದ, ಜನ್ಮೆಲ್ಲಾ ಹೊಲದಾಗ ಹತ್ತಿ ಬಿಡಿಸಿದ ಬಾಜೂಮನಿ ಅಜ್ಜಿ ಮಾತಾಡ್ಕೋತ ಹತ್ತಿಯೆಲ್ಲ ಬಿಡಿಸಿ ಉಡಿಯಾಗ ತುಂಬಿದ್ಳು.

"ಯಾಕಬೇ ಹಿಂಗ ಮಾಡಿದಿ?"

"ನಾ ಎಲ್ಲಿ ಮಾಡಿದೆಪ್ಪ, ಕೈ ಮಾಡ್ಯಾವ. ಇದು ಮುಗೀತು, ಇನ್ನೊಂದು ಸಾಲು ಎಲ್ಲಿ ಅದ?"

ನಾರಾಯಣಖೇಡದ ಟಗರು

ಮರು ವರ್ಷ ನಾರಾಯಣಖೇಡದಾಗ ಒಬ್ಬ ಟೀಚರ್ ಮನ್ಯಾಗ ಹಸಿ ಜೋಳದ ತೆನಿ ಜೋಡಿಸಿದೆ. ಅವರ ಓಣ್ಯಾಗ ಕುರಿ ಸಾಕಾಂವ ಒಬ್ಬ, "ಯೇಸು ಹುಟ್ಟಿದಾಗ ಕುರಿನೂ ಇದ್ವಂತಲ್ರಿ" ಅಂತ ಪ್ರೀತಿಲೆ ಒಂದು ಟಗರು ಹಿಡ್ಕೊಂಡು ಬಂದ. ನಾ ಬಲ್ಬ್ ಹಚ್ಚಿ ತಿರುಗೋದ್ರಾಗ ಅದು ಮುಂಗಾಲು ಮೇಜಿನ ಮ್ಯಾಲಿಟ್ಟು ಕಡೇ ತೆನಿ ಮುಗಸಾಕತ್ತಿತ್ತು. ನನಗ ಅಳೂನ ಬಂತು.

ಆತ ನನ್ನ ಹೆಗಲ ಮ್ಯಾಲ ಕೈಯಿಟ್ಟ. "ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮ ಟಗರು ತಿಂತಂದ್ರ ಮಾಲು ಖರೇನ ನ್ಯಾಚುರಲ್ ಅದ."

ತಾಂಡೂರಿನ ಕಾವಲು

ಈ ಸಲ ಜಿದ್ದಿಗೆ ಬಿದ್ದೆ. ತಾಂಡೂರಿನ ಒಂದು ಮನ್ಯಾಗ ಮೇಜಿನ ಸುತ್ತ ಕಾಯಿ ತುಂಬಿದ ಹಸಿ ತೊಗರಿ ಟೊಂಗಿ, ನಡುವ ಮೇಣಬತ್ತಿ. ಫೋಟೊದಾಂವ ನಾಕಕ್ಕ ಬರ್ತೀನಂದಿದ್ದ. ಮುಂಜಾನಿಂದ ಊಟ ಬಿಟ್ಟು ಕುರ್ಚಿ ಹಾಕ್ಕೊಂಡು ಕಾವಲು ಕೂತೆ. ಕೋಳಿ ಬಂದ್ರ ಓಡಿಸಿದೆ. ಹುಡುಗರನ್ನ ಗದರಿಸಿದೆ. ಮನಿ ಯಜಮಾನರು ಕೈ ಚಾಚಿದ್ರ, "ದೂರ ನಿಲ್ರಿ ಸಾಹೇಬ್ರ" ಅಂದೆ.

ಫೋಟೊದಾಂವ ಬಂದ, ಕ್ಯಾಮೆರಾ ಒತ್ತಿದ, ಆಮ್ಯಾಲ ಕೆಳಗಿಳಿಸಿ ಕೇಳಿದ: "ಅಣ್ಣಾ, ತೊಗರಿ ಕಾಯಿ ಎಲ್ಲಿ ಅವ?"

ನೋಡತೀನಿ, ಟೊಂಗಿಯೆಲ್ಲ ಬೋಳು! "ಯಾವ ಕಳ್ಳ ಬಂದಿದ್ದ?" ಅಂತ ಕೂಗಬೇಕಂದ್ರ ನನ್ನ ಬಾಯಿ ತುಂಬ ತೊಗರಿ ಕಾಳು. ಕುರ್ಚಿ ಕೆಳಗ ಸಿಪ್ಪಿ ಗುಡ್ಡಿ ಬಿದ್ದಿತ್ತು.

ಬ್ಯಾರೆ ಫೋಟೊ ಇಲ್ಲಲ್ಲ, ಬೋರ್ಡಿಗೆ ಅದನ್ನ ಹಾಕೀನಿ. ಬೋಳು ಮೇಜು, ಉಬ್ಬಿದ ನನ್ನ ಗಲ್ಲ. ಈಗ ಗಿರಾಕಿ ಖರೇನ ಬರಾಕತ್ಯಾರ. ಬಂದವರೆಲ್ಲ ಕೇಳೋದು ಒಂದ:

"ನಿಮ್ಮಲ್ಲಿ ಊಟ ಭಾಳ ಛಲೋ ಇರ್ತದೇನ್ರಿ?"