ಕೈಬರಹಕ್ಕೆ ಪ್ಲಾಸ್ಟರ್

"ಕಾಗದ ಕಳೆದುಹೋಗುತ್ತೆ. ಮೊಬೈಲು ಬೇಕಾದಾಗಲೇ ಕಣ್ಣು ಮುಚ್ಚುತ್ತೆ. ಡೈರಿ ಎಲ್ಲಿಟ್ಟೆ ಅನ್ನೋದೇ ಮರೆತುಹೋಗುತ್ತೆ. ಆದರೆ ಕೈ? ಕೈಯನ್ನ ಮನೇಲಿ ಮರೆತು ಆಫೀಸಿಗೆ ಹೋದವರನ್ನ ಯಾರಾದರೂ ನೋಡಿದ್ದೀರಾ?"

ಸಂಗೀತ ಶಾಲೆಯ ಮ್ಯಾನೇಜರು ದಿನಕ್ಕೆ ಒಮ್ಮೆಯಾದರೂ ಎಡಗೈಯನ್ನು ಬಾವುಟದಂತೆ ಎತ್ತಿ ಹಿಡಿದು ಹೀಗೆ ಘೋಷಿಸುತ್ತಿದ್ದರು. ಬಾವುಟಕ್ಕೆ ಬಣ್ಣಗಳೂ ಇದ್ದವೆನ್ನಿ! ಅಂಗೈಯಲ್ಲಿ ನೀಲಿ ಶಾಯಿಯ ದಿನದ ಕೆಲಸ, ಹಿಂಗೈಯಲ್ಲಿ ಕೆಂಪು ಶಾಯಿಯ ಫೋನ್ ನಂಬರುಗಳು, ಮಣಿಕಟ್ಟಿನಿಂದ ಮೊಣಕೈವರೆಗೆ ಕಪ್ಪು ಮಾರ್ಕರ್ ಪೆನ್ನಿನ ದೀರ್ಘಾವಧಿ ಯೋಜನೆಗಳು. ಶಾಲೆಯ ಮೇಷ್ಟರುಗಳು ಅವರಿಗೆ 'ಗೋಡೆ ಪತ್ರಿಕೆ' ಎಂದು ಹೆಸರಿಟ್ಟಿದ್ದರು. ಅದು ಕಿವಿಗೆ ಬಿದ್ದಾಗ ಮ್ಯಾನೇಜರು ಹಿಗ್ಗಿದರೇ ಹೊರತು ಕುಗ್ಗಲಿಲ್ಲ. "ಹಣೆಬರಹ ಅಂತೂ ನಮ್ಮ ಕೈಯಲ್ಲಿಲ್ಲ. ಕೈಬರಹ ಆದರೂ ಇರಲಿ ಬಿಡ್ರಪ್ಪ!" ಎಂದರು.

ಅವರ ಹೆಂಡತಿಗೆ ಗ್ರಂಥಾಲಯದಲ್ಲಿ ಕೆಲಸ. ಉಪ್ಪಿನ ಡಬ್ಬಿಗೆ 'ಉಪ್ಪು' ಎಂದು ಚೀಟಿ ಅಂಟಿಸುವ ಜಾತಿ. ಆಕೆ ಪ್ರತಿ ವರ್ಷ ಗಂಡನಿಗೊಂದು ಡೈರಿ ತಂದುಕೊಡುತ್ತಿದ್ದರು. ಹೋದ ವರ್ಷದ್ದು ಊಟದ ಮೇಜಿನ ಕುಂಟುಕಾಲಿನ ಕೆಳಗಿತ್ತು.

"ನನ್ನ ಕೈ ಒಂದೇ ಒಂದು ಸಲ ಕೈಕೊಟ್ಟರೂ ನಿನ್ನ ಡೈರೀನ ಕೊರಳಿಗೆ ಕಟ್ಕೊಂಡು ತಿರುಗ್ತೀನಿ, ಆಯ್ತಾ?" ಎಂದರು ಮ್ಯಾನೇಜರು.

"ಆಯ್ತು. ಬಚ್ಚಲ ನಲ್ಲಿ ತೊಟ್ಟಿಕ್ತಾ ಇದೆ, ನೆಲ ಎಲ್ಲಾ ಜಾರುತ್ತೆ. ಅದನ್ನೂ ಬರ್ಕೊಳ್ಳಿ."

"ಬರ್ಕೊಂಡೆ! ಬರೆದಾಯ್ತು ಅಂದರೆ ಆದ ಹಾಗೇ!"

ಇದು ಸೋಮವಾರದ ಮಾತು.

ಅಷ್ಟರಲ್ಲಾಗಲೇ ಶಾಲೆಯ ವಾದ್ಯಗಳ ಕೋಣೆಗೆ ಮ್ಯಾನೇಜರು ಹಟ ಹಿಡಿದು ಆರು ಅಂಕೆಯ ಬೀಗ ಹಾಕಿಸಿ ಮೂರು ವಾರವಾಗಿತ್ತು. ಉಕ್ಕಿನ ಬಾಗಿಲು, ಅದರೊಳಗೇ ಕೂತ ಬೀಗ. "ಇದರ ಸಂಖ್ಯೆ ನನ್ನೊಬ್ಬನಿಗೆ ಮಾತ್ರ ಗೊತ್ತು. ನೊಣ ಕೂಡ ನನ್ನ ಅಪ್ಪಣೆ ಇಲ್ಲದೆ ಒಳಗೆ ಹೋಗಲಾರದು!" ಎಂದು ಇಡೀ ಸಿಬ್ಬಂದಿಯ ಮುಂದೆ ಎದೆ ತಟ್ಟಿದ್ದರು. ಸಂಖ್ಯೆ ಎಡ ಮುಂಗೈಯ ಒಳಬದಿಯಲ್ಲಿತ್ತು. ಮಾಸಿದಂತೆಲ್ಲ ಅದರ ಮೇಲೇ ತಿದ್ದುತ್ತಿದ್ದರು. ತಲೆಯಲ್ಲಿ ಮಾತ್ರ ಇಟ್ಟುಕೊಂಡಿರಲಿಲ್ಲ. ಬರೆದದ್ದನ್ನು ನೆನಪೂ ಇಟ್ಟುಕೊಳ್ಳುವುದು ಒಂದೇ ಕೆಲಸವನ್ನು ಎರಡು ಸಲ ಮಾಡಿದಂತೆ ಎಂಬುದು ಅವರ ಸಿದ್ಧಾಂತ.

ಶುಕ್ರವಾರ ಬೆಳಿಗ್ಗೆ ಬಚ್ಚಲಿನಲ್ಲಿ ಧಡಾರ್ ಎಂದು ಸದ್ದಾಯಿತು. ಮ್ಯಾನೇಜರು ಅಂಗಾತ! ಎಡಗೈ ಕೆಳಗೆ, ಇಡೀ ಮ್ಯಾನೇಜರು ಮೇಲೆ!

ಆಸ್ಪತ್ರೆಯಲ್ಲಿ ನರ್ಸಮ್ಮ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಕೈ ಒರೆಸಲು ಬಂದಾಗ ಅವರು ಆ ನೋವಿನಲ್ಲೂ ಗರ್ಜಿಸಿದರು. "ಮುಟ್ಟಬೇಡಿ! ಕೈ ಹೋದರೂ ಚಿಂತೆ ಇಲ್ಲ, ಬರಹ ಉಳೀಬೇಕು!"

ಬರಹ ಉಳಿಯಿತು. ಇಂಜೆಕ್ಷನ್ನಿನ ಮಂಪರು ಇಳಿದು ಕಣ್ಣು ಬಿಟ್ಟಾಗ ಬೆರಳ ಬುಡದಿಂದ ಮೊಣಕೈವರೆಗೆ ಕಲ್ಲಿನಂಥ ಬಿಳಿ ಪ್ಲಾಸ್ಟರ್ ಕೂತಿತ್ತು.

"ಬಿಚ್ಚಿ ಇದನ್ನ!"

"ಬಿಚ್ಚೋಣ, ಆರು ವಾರ ಆದ ಮೇಲೆ" ಎಂದರು ಡಾಕ್ಟರು.

"ಆರು ವಾರ? ನಾಡಿದ್ದು ಭಾನುವಾರ ನಮ್ಮ ವಾರ್ಷಿಕೋತ್ಸವ! ನಲವತ್ತು ಮಕ್ಕಳು, ನಲವತ್ತು ಪಿಟೀಲು, ಎಲ್ಲಾ ಇದರ ಕೆಳಗಿದೆ!"

ಡಾಕ್ಟರು ಪಕ್ಕದಲ್ಲಿದ್ದ ಮ್ಯಾನೇಜರ ಹೆಂಡತಿಯ ಮುಖ ನೋಡಿ, "ತಲೆಗೂ ಏಟು ಬಿದ್ದಿದೆಯಾ?" ಎಂದು ಮೆಲ್ಲಗೆ ಕೇಳಿದರು.

ಮ್ಯಾನೇಜರು ಎಕ್ಸ್-ರೇ ಹಾಳೆಯನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದರು. ಮೂಳೆಗಳಿದ್ದವು. ಅಂಕೆಗಳಿರಲಿಲ್ಲ.

"ಮೂಳೆ ಮೇಲೆ ಬರೆಯೋ ಅಭ್ಯಾಸ ಇದ್ದಿದ್ದರೆ ಕಾಣಿಸ್ತಿತ್ತು" ಎಂದು ಡಾಕ್ಟರು ಸಮಾಧಾನ ಹೇಳಿದರು.

ಮನೆಗೆ ಬಂದ ಮೇಲೆ ಹೆಂಡತಿ, "ಪ್ರಿನ್ಸಿಪಾಲಮ್ಮನಿಗೆ ಇರೋದನ್ನ ಹೇಳಿಬಿಡಿ. ಬೀಗ ಒಡೆಸಲಿ" ಎಂದರು.

"ಒಡೆಸೋದಾ! ಆ ಬೀಗ ಒಡೆಯೋದೂ ಒಂದೇ, ನನ್ನ ಮಾನ ಒಡೆಯೋದೂ ಒಂದೇ!"

ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಮ್ಯಾನೇಜರು ಪ್ಲಾಸ್ಟರಿನ ಸಂದಿಗೆ ಟಾರ್ಚು ಬಿಟ್ಟು ನೋಡಿದರು. ಹೆಣಿಗೆ ಕಡ್ಡಿ ತೂರಿಸಿದರು. ಕಡ್ಡಿ ಒಳಗೇ ಸಿಕ್ಕಿಕೊಂಡು, ಅದನ್ನು ಎಳೆಯಲು ಹೆಂಡತಿಯನ್ನೇ ಕರೆಯಬೇಕಾಯಿತು. ಆಕೆ ಎಳೆದುಕೊಟ್ಟರು.

ಶನಿವಾರ ಶಾಲೆಯಲ್ಲಿ ಅವರು ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಬಲಗೈಯನ್ನು ಹಿಂದೆ ಮಾಡಿ, ಅಂಕೆಗಳನ್ನು ತಿರುಗಿಸತೊಡಗಿದರು. ಮೊದಲನೆಯದು ಏಳು. ಅಥವಾ ಒಂದು. ಕೊನೆಯಲ್ಲಿ ಒಂದು ಸೊನ್ನೆ ಇತ್ತೋ, ಅದು ಮಚ್ಚೆಯೋ! ಸಭಾಂಗಣದಲ್ಲಿ ಮಕ್ಕಳು ಅಭ್ಯಾಸಕ್ಕೆ ಸಾಲಾಗಿ ಕೂತು ಪಿಟೀಲಿಗೆ ಕಾಯುತ್ತಿದ್ದರು. ಅವರನ್ನು ಕಂಡು ಮ್ಯಾನೇಜರು ಇನ್ನಷ್ಟು ಅವಸರದಿಂದ ಅಂಕೆ ತಿರುಗಿಸಿದರು. ಪಾಪ, ಆ ಕೂಸುಗಳು ಮಾಡಿದ ತಪ್ಪಾದರೂ ಏನು?

ಪ್ರಿನ್ಸಿಪಾಲಮ್ಮ ಬಂದರು. "ಬಾಗಿಲು ತೆಗೀರಿ, ಹೊತ್ತಾಯ್ತು."

"ಭದ್ರತೆಯ ದೃಷ್ಟಿಯಿಂದ, ಮೇಡಂ, ಬಾಗಿಲು ನಾಳೆ ಬೆಳಿಗ್ಗೆಯೇ ತೆರೆಯೋದು!"

"ಹಾಗಾದರೆ ಇವತ್ತು ಮಕ್ಕಳು ಏನನ್ನ ನುಡಿಸಬೇಕು?"

ಮ್ಯಾನೇಜರು ಬೆನ್ನ ಹಿಂದೆ ಇನ್ನೊಂದು ಅಂಕೆ ತಿರುಗಿಸುತ್ತಿರುವಾಗಲೇ ಕಸ ಗುಡಿಸುವ ಅಜ್ಜಿ ಪೊರಕೆ ಹಿಡಿದು ಬಂದಳು. "ಸ್ವಲ್ಪ ಆಚೆ ಸರೀರಿ ಸಾರ್, ಗುಡಿಸ್ಬೇಕು" ಎಂದವಳೇ ಆರು ಅಂಕೆಗಳನ್ನೂ ಟಕಟಕ ತಿರುಗಿಸಿದಳು. ಉಕ್ಕಿನ ಬಾಗಿಲು ತೆರೆದುಕೊಂಡಿತು!

ಮ್ಯಾನೇಜರು ಬೀಗವನ್ನೊಮ್ಮೆ, ಅಜ್ಜಿಯನ್ನೊಮ್ಮೆ ನೋಡಿದರು. "ನಿ... ನಿನಗೆ ಸಂಖ್ಯೆ ಕೊಟ್ಟವರು ಯಾರು?"

"ನೀವೇ! ದಿನಾ ಟೀ ಲೋಟ ಈಸ್ಕೊಳ್ಳುವಾಗ ನಿಮ್ಮ ಕೈ ನನ್ನ ಮೂಗಿನ ಮುಂದೇನೇ ಇರ್ತಿತ್ತಲ್ಲ."

"ಅಂದರೆ ಮೂರು ವಾರದಿಂದ..."

"ಹೂಂ, ದಿನಾ ಗುಡಿಸ್ತಿದೀನಿ. ನೊಣಾನೂ ಹೋಗಲ್ಲ ಅಂದಿದ್ರಿ. ಒಳಗೆ ಒಂದು ಚೂರು ಕಸ ಇಲ್ವಲ್ಲ, ಯಾರು ಗುಡಿಸ್ತಾರೆ ಅಂತ ಒಂದಿನಾನಾದ್ರೂ ಅನುಮಾನ ಬರಲಿಲ್ವಾ ಸಾರ್?"

ಸಭಾಂಗಣದಿಂದ ಯಾರೋ ಮೇಷ್ಟರು ಕೆಮ್ಮಿದರು. ಪ್ರಿನ್ಸಿಪಾಲಮ್ಮನೂ ಸೆರಗು ಬಾಯಿಗೆ ಅಡ್ಡ ಹಿಡಿದರು. ಮಕ್ಕಳು ಓಡಿಬಂದು ಪಿಟೀಲು ಎತ್ತಿಕೊಂಡರು. ಭಾನುವಾರದ ಉತ್ಸವ ಸೊಗಸಾಗಿಯೇ ನಡೆಯಿತು.

ಆದರೆ ಮ್ಯಾನೇಜರು ಸೋತರೆಂದು ತಿಳಿದೀರಿ, ಜೋಕೆ! ಅವತ್ತು ಮನೆಗೆ ಬಂದವರೇ ಪ್ಲಾಸ್ಟರ್ ಕೈಯನ್ನು ಎತ್ತಿ ಹಿಡಿದರು. "ನೋಡಿದ್ಯಾ! ಡೈರೀಲಿ ಬರ್ಕೊಂಡಿದ್ದರೆ ಆ ಅಜ್ಜಿಗೆ ಗೊತ್ತಾಗ್ತಿತ್ತಾ? ಬಾಗಿಲು ತೆಗೀತಿದ್ಳಾ? ಉತ್ಸವ ಉಳಿಸಿದ್ದು ಕೈಬರಹ! ನನ್ನ ಕೈ ನನಗೆ ಕೈಕೊಟ್ಟಿಲ್ಲ!"

ಆರು ವಾರವೂ ಇದೇ ಪಲ್ಲವಿ. ಬಂದ ನೆಂಟರಿಗೆ, ಹಾಲಿನವನಿಗೆ, ಎದುರು ಮನೆಯ ಟೈಲರಿಗೆ, ಎಲ್ಲರಿಗೂ. ಹೆಂಡತಿ ಮಾತ್ರ ಬಾಯಿ ಬಿಡಲಿಲ್ಲ. ಗ್ರಂಥಾಲಯದವರಿಗೆ ಮೌನ ರೂಢಿ.

ಆರು ವಾರ ಕಳೆದು ಡಾಕ್ಟರು ಪ್ಲಾಸ್ಟರ್ ಕೊಯ್ದರು. ನೀರು ಸೋಕದ ಚರ್ಮದ ಮೇಲೆ ಮಾರ್ಕರಿನ ಬರಹ ಮಸುಕಾಗಿದ್ದರೂ ಇನ್ನೂ ಉಳಿದಿತ್ತು. ಮ್ಯಾನೇಜರ ಮುಖ ಅರಳಿತು. "ನೋಡಿ ಡಾಕ್ಟ್ರೇ! ಯಾವ ಡೈರಿ ಹೀಗೆ ಬಾಳಿಕೆ ಬರುತ್ತೆ?"

ಹೆಂಡತಿ ಕನ್ನಡಕ ಏರಿಸಿ, ಆ ಕೈಯನ್ನು ತಮ್ಮತ್ತ ತಿರುಗಿಸಿಕೊಂಡು, ಸಂಖ್ಯೆಯ ಕೆಳಗಿನ ಸಾಲನ್ನು ಗಟ್ಟಿಯಾಗಿ ಓದಿದರು.

"'ಬಚ್ಚಲ ನಲ್ಲಿ ಸೋರುತ್ತಿದೆ. ಯಾರಾದರೂ ಜಾರಿ ಬೀಳುವ ಮೊದಲು ರಿಪೇರಿ.'"

ಡಾಕ್ಟರು ಬೇಗ ಕಿಟಕಿಯ ಕಡೆ ತಿರುಗಿಕೊಂಡರು. ಅವರ ಭುಜ ಕುಲುಕುತ್ತಿತ್ತು.

"ಸೋಮವಾರ ಬರ್ಕೊಂಡಿರಿ. ಶುಕ್ರವಾರ ಬಿದ್ದಿರಿ" ಎಂದರು ಹೆಂಡತಿ. "ನಡುವೆ ಒಂದು ಸಲವಾದರೂ ಓದ್ಕೊಂಡಿರಾ?"

ಮ್ಯಾನೇಜರು ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡರು. ಹೆಂಡತಿ ಚೀಲದಿಂದ ಈ ವರ್ಷದ ಡೈರಿ ತೆಗೆದರು. ಅದಕ್ಕೆ ಕೊರಳಿನ ಅಳತೆಗೆ ಸರಿಯಾಗಿ ದಾರ ಕಟ್ಟಿತ್ತು. ಮ್ಯಾನೇಜರು ತೆಪ್ಪಗೆ ತಲೆ ಬಗ್ಗಿಸಿ ಹಾಕಿಸಿಕೊಂಡರು.

"ಇದಕ್ಕೆ ಪೆನ್ನು ಕಟ್ಟಿಲ್ವಾ?" ಎಂದರು ಸಣ್ಣ ದನಿಯಲ್ಲಿ.

"ಪೆನ್ನು ನನ್ನ ಹತ್ತಿರಾನೇ ಇರುತ್ತೆ" ಎಂದರು ಹೆಂಡತಿ.