ನೆಲಮಾಳಿಗೆಯ ರೇಡಾನ್ ಮಹಾಶಯರ ಸನ್ನಿಧಾನಕ್ಕೆ

ಮಾನ್ಯ ರೇಡಾನ್ ಅನಿಲದವರೇ,

ಅಯೋವಾದ ಈ ಪುಟ್ಟ ಊರಿನಿಂದ ಆರ್ಲಿಸ್ ಹಾಫ್‌ಸ್ಟ್ರಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ವಾಸವಾಗಿರುವುದು ನೆಲದ ಕೆಳಗಾದ್ದರಿಂದ, ಉದ್ದಕ್ಕೆ ಮಲಗಿ ನಮಸ್ಕರಿಸಿದರೇ ತಮಗೆ ಹತ್ತಿರವೆಂದು ಭಾವಿಸಿದ್ದೇನೆ.

ಮಣ್ಣಿನಲ್ಲಿ ಹುಟ್ಟಿ, ಬಿರುಕುಗಳಲ್ಲಿ ನುಸುಳಿ ಮನೆ ಸೇರುವ ತಮಗೆ ಬಣ್ಣವಿಲ್ಲ, ವಾಸನೆಯಿಲ್ಲ, ಸದ್ದಿಲ್ಲ. ತಮ್ಮಷ್ಟು ಮರ್ಯಾದಸ್ಥರು ನಮ್ಮ ನೆಂಟರಲ್ಲೇ ಯಾರೂ ಇಲ್ಲ. ನನ್ನ ಗಂಡ ವರ್ಲಿನ್‌ನ ಮಂಡಿಗಳು ಇನ್ನು ಮೆಟ್ಟಿಲು ಹತ್ತೆವೆಂದು ಮುಷ್ಕರ ಹೂಡಿ, ನಾವು ಈ ಮನೆ ಮಾರಿ ಒಂದೇ ಅಂತಸ್ತಿನ ಮನೆ ಕೊಳ್ಳಲು ಹೊರಡದಿದ್ದರೆ, ತಾವು ಇಷ್ಟು ವರ್ಷ ನಮ್ಮೊಡನೆಯೇ ಇದ್ದಿರೆಂಬ ಸೌಭಾಗ್ಯ ನಮಗೆ ತಿಳಿಯುತ್ತಲೇ ಇರಲಿಲ್ಲ. ಕೊಳ್ಳಲು ಬಂದವರು ಎಳೆಯ ದಂಪತಿ, ಆಕೆ ತುಂಬು ಬಸುರಿ. ತಮ್ಮನ್ನು ಅಳೆಸಿದಾಗ ಅಂಕಿ ಅಪಾಯದ ಗೆರೆಯಾದ ನಾಲ್ಕರ ಕೆಳಗಿದ್ದರೆ ಮನೆ ಕೊಳ್ಳುತ್ತೇವೆ, ಇಲ್ಲವಾದರೆ ಬೇರೆ ಮನೆ ನೋಡುತ್ತೇವೆ ಎಂದುಬಿಟ್ಟರು.

ಮಾರ್ಲಾ ಎಂಬ ಪರೀಕ್ಷಕಿ ಬಂದು ನೆಲಮಾಳಿಗೆಯಲ್ಲಿ ಒಂದು ಯಂತ್ರವಿಟ್ಟು, ಗಾಳಿಯಾಡಿದರೆ ಅಂಕಿ ಸುಳ್ಳೇ ಇಳಿಯುತ್ತದೆ, ಎರಡು ದಿನ ಕಿಟಕಿ ತೆರೆಯಕೂಡದೆಂದು ಅಪ್ಪಣೆ ಕೊಟ್ಟು ಹೋದಳು. ನಮ್ಮ ಕಡೆಯವರು ಸುಳ್ಳು ಹೇಳುವುದಿಲ್ಲ. ಆದರೆ ಕಿಟಕಿ ತೆರೆಯಲು ಬಾಯಿ ತೆರೆಯಬೇಕಾಗಿಲ್ಲವಲ್ಲ, ವರ್ಲಿನ್ ಫೆಬ್ರವರಿಯ ಹಿಮದಲ್ಲಿ ಆ ಕೆಲಸವನ್ನೂ ಮಾಡಿ ಮುಗಿಸಿದ. ಯಂತ್ರ ಚಾಡಿ ಹೇಳಿತು.

“ಯಾರ್ರೀ ಕಿಟಕಿ ತೆಗೆದಿದ್ದು? ನಿನ್ನೆ ಮಧ್ಯಾಹ್ನ ಮಷೀನಿಗೆ ಥಂಡಿ ಹೊಡೆದಿದೆ,” ಎಂದಳು ಮಾರ್ಲಾ.

“ಬೆಕ್ಕಿರ್ಬೇಕು,” ಎಂದ ವರ್ಲಿನ್.

“ಚಿಲಕ ತೆಗೆದು, ತಿರುಗಾ ಹಾಕಿಟ್ಟು ಹೋಗೋ ಬೆಕ್ಕಾ? ನನಗೂ ಅಂಥದ್ದೊಂದು ಕೊಡ್ಸಿ!”

ನಮ್ಮ ಮನೆಯಲ್ಲಿ ಬೆಕ್ಕೇ ಇಲ್ಲ. ಕಿಟಕಿ ಮುಚ್ಚಿ ಮತ್ತೆ ಅಳೆದಾಗ ತಾವು ಹದಿನಾಲ್ಕು ಅಂಕ ಗಳಿಸಿದಿರಿ. ವರ್ಲಿನ್ ಶಾಲೆಯಲ್ಲಿ ಗಣಿತಕ್ಕೆ ಅಷ್ಟು ತೆಗೆದಿದ್ದರೆ ಅವರಮ್ಮ ಊರಿಗೆಲ್ಲ ಕಡುಬು ಹಂಚುತ್ತಿದ್ದರು.

ಆಗ ತಮ್ಮ ಬಗ್ಗೆ ಓದಿದೆ. ಶ್ವಾಸಕೋಶದ ಕ್ಯಾನ್ಸರ್ ತರುವುದರಲ್ಲಿ ಸಿಗರೇಟಿನ ಬೆನ್ನಿಗೇ ತಾವಂತೆ. ಸ್ವಾಮೀ, ನನಗೆ ನಿಜವಾಗಿ ಹೆದರಿಕೆಯಾಯಿತು. ವರ್ಲಿನ್ ಗಂಟಲು ಸರಿಮಾಡಿಕೊಂಡರೂ ಓಡಿಹೋಗಿ ನೋಡುತ್ತಿದ್ದೆ.

ತಮ್ಮನ್ನು ನೆಲದಡಿಯಿಂದಲೇ ಹೀರಿ ಹೊರಹಾಕುವ ಪೈಪು ಕೂರಿಸಲು ಬಂದ ಡ್ವೇನ್, ಟೀವಿಯಲ್ಲಿ ಫುಟ್‌ಬಾಲ್ ನೋಡಲೆಂದು ವರ್ಲಿನ್ ನೆಲಮಾಳಿಗೆಯಲ್ಲಿ ಜೀವಮಾನವಿಡೀ ಒರಗಿದ ಕುರ್ಚಿಯನ್ನು ಪಕ್ಕಕ್ಕೆ ತಳ್ಳಿ, ಕಾಂಕ್ರೀಟಿನ ಬಿರುಕು ತೋರಿಸಿ, ಅಲ್ಲೇ ಡ್ರಿಲ್ ಇಟ್ಟ.

“ಅಯ್ಯೋ, ನನ್ನ ಜಾಗ! ಆ ಮೂಲೇಲಿ ಕೊರಿಯಪ್ಪಾ!”

“ಯಜಮಾನ್ರೇ, ಅದು ಬರ್ತಿರೋದೇ ನಿಮ್ಮ ಕುರ್ಚಿ ಕೆಳಗಿಂದ. ನಿಮ್ಮ ಟೀಮಿನ ಆಟ ನೋಡೋಕೆ ಬರ್ತಿತ್ತೋ ಏನೋ.”

“ಹಾಗಾದ್ರೆ ಅದೂ ನನ್ನಷ್ಟೇ ಅತ್ತಿರತ್ತೆ ಬಿಡು.”

ಈಗ ತಾವು ಬಿಳಿ ಪೈಪಿನ ಪಲ್ಲಕ್ಕಿಯೇರಿ, ಫ್ಯಾನಿನ ಓಲಗದೊಂದಿಗೆ, ನಮ್ಮ ಸೂರಿಗಿಂತ ಎತ್ತರಕ್ಕೆ ಹೋಗಿ ಆಕಾಶಸ್ಥರಾಗುತ್ತಿದ್ದೀರಿ. ಅಂಕಿ ಒಂದಕ್ಕೂ ಕೆಳಗಿಳಿಯಿತು, ದಂಪತಿ ಸಹಿ ಹಾಕಿದರು, ನಾನು ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ಈ ಸಂಭ್ರಮದಲ್ಲಿ ಕೆಲವು ಬಿನ್ನಹಗಳು. ಮುಂದೆ ಯಾರ ಮನೆಗೆ ದಯಮಾಡಿಸಿದರೂ ಮುಂಬಾಗಿಲಲ್ಲಿ ಕರೆಗಂಟೆ ಒತ್ತಿ, ಬೂಟಿನ ಹಿಮ ಕೊಡವಿ, ಹೆಸರು ಹೇಳಿ ಒಳಬರಬೇಕು. ಕೊನೆಪಕ್ಷ ಸೀದ ಹಾಲಿನ ವಾಸನೆಯನ್ನಾದರೂ ಧರಿಸಿರಬೇಕು. ಆಗದಿದ್ದರೆ, “ಅಷ್ಟು ವರ್ಷ ಬದುಕಿದ್ದೀರಲ್ಲಾ, ಇನ್ನೇನು?” ಎಂದು ನಕ್ಕ ನಮ್ಮ ಮನೆ ಮಾರಾಟದ ಏಜೆಂಟರ ಮಲಗುವ ಕೋಣೆಯಲ್ಲಿ ಒಂದು ವಾರ ತಂಗಿ, ಅವರಿಗೂ ಹಾಗೆ ಅನ್ನಿಸುವುದೋ ಎಂದು ವಿಚಾರಿಸಿ ತಿಳಿಸಬೇಕು.

ಒಂದು ಮಾತು ಮಾತ್ರ ನುಂಗಲಾಗುತ್ತಿಲ್ಲ. ಇನ್ನೂ ಹುಟ್ಟದ, ಹೆಸರೂ ಗೊತ್ತಿಲ್ಲದ ಮಗುವಿಗಾಗಿ ಒಂದೇ ಬೆಳಗಿನಲ್ಲಿ ಆದ ಕೆಲಸವನ್ನು ನಾವು ನಮಗಾಗಿ ಎಂದೂ ಮಾಡಿಸಿಕೊಳ್ಳಲಿಲ್ಲ. ಆ ಮಗು ಚೆನ್ನಾಗಿ ಉಸಿರಾಡಲಿ.

ಇಷ್ಟು ಕಾಲ ತಿಳಿಯದೆ ತಮ್ಮ ವಿಶ್ವಾಸಿಯಾಗಿದ್ದ, ಇನ್ನು ಮುಂದೆ ಖಂಡಿತ ಆಗಿರದ,
ಆರ್ಲಿಸ್ ಹಾಫ್‌ಸ್ಟ್ರಾ

ತಾಜಾಕಲಂ: ನಾವು ಕೊಂಡ ಮನೆಯಲ್ಲೂ ಅಳೆಸಿದೆ, ತಾವು ನಮಗಿಂತ ಮೊದಲೇ ಗೃಹಪ್ರವೇಶ ಮುಗಿಸಿಕೊಂಡಿದ್ದೀರಿ. ಸೋಮವಾರ ಡ್ವೇನ್ ಬರುತ್ತಾನೆ. “ಈ ಮನೇನ ನಾವು ಮಾರಲ್ವಲ್ಲೇ, ಮತ್ತೆ ಪೈಪು ಯಾಕೆ?” ಎಂದು ವರ್ಲಿನ್ ಕೇಳಿದ. “ಅದಕ್ಕೇ,” ಎಂದೆ.