ತೊಳೆದ ಪೆಟ್ರೋಲು

ಗಂಡ: ನೀನು ಆ ಕಡೆ ಬಸ್ಸು ಹತ್ತಿದ್ದೇ ತಡ, ಈ ಕಡೆ ಗಾಡಿ ಮಲಗಿಬಿಡ್ತು ಕಣೇ!

ಹೆಂಡತಿ: ನಾನೇನು ಅದರ ಪ್ಲಗ್ಗು ಬಿಚ್ಚಿ ಬ್ಯಾಗಲ್ಲಿ ಇಟ್ಕೊಂಡು ಹೋಗಿದ್ನಾ?

ಗಂಡ: ಎಂಟು ತಿಂಗಳು ಒಂದು ದಿನ ಕೆಮ್ಮಿರಲಿಲ್ಲ. ನೀನು ಹೋಗಿ ನಾಲ್ಕನೇ ದಿನಕ್ಕೆ ಕೆಮ್ಮು. ಎರಡನೇ ವಾರಕ್ಕೆ ಹೊಟ್ಟೆಯೊಳಗೆ ಕಟಕಟ. ನಿನ್ನೆಯಿಂದ ಮೌನವ್ರತ.

ಹೆಂಡತಿ: ಮೊದಲು ಒಳಗೆ ಬರೋಕೆ ದಾರಿ ಬಿಡಿ. ಮೂರು ವಾರದ ಮೇಲೆ ಮನೆಗೆ ಬಂದವಳಿಗೆ ಹೇಗಿದ್ದೀಯೆ ಅನ್ನೋದಿಲ್ಲ, ಕೈ ಮುರ್ಕೊಂಡ ತಂಗಿ ಹೇಗಿದ್ದಾಳೆ ಅನ್ನೋದಿಲ್ಲ. ಬಾಗಿಲಲ್ಲೇ ಗಾಡಿ ಪುರಾಣ!

ಗಂಡ: ಹೇಗಿದ್ದೀಯೆ? ತಂಗಿ ಹೇಗಿದ್ದಾಳೆ? ಗಾಡಿ ಸ್ಟಾರ್ಟ್ ಆಗ್ತಾ ಇಲ್ಲ.

ಗಾಡಿ ಎಂದರೆ ಅವರ ಇಪ್ಪತ್ತೆರಡು ವರ್ಷದ ಮೋಟಾರ್ ಸೈಕಲ್ಲು. ಅದೀಗ ನಡುಮನೆಯಲ್ಲಿ, ಹಾಸಿದ ಹಳೆಯ ಪತ್ರಿಕೆಗಳ ಮೇಲೆ, ಇಂಜಿನ್ನಿಗೊಂದು ಥರ್ಮಾಮೀಟರ್ ಸಿಕ್ಕಿಸಿಕೊಂಡು, ಹುಷಾರು ತಪ್ಪಿದ ಹಿರಿಯರ ಹಾಗೆ ನಿಂತಿತ್ತು. ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದ ಗಂಡ ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಅಟೆಂಡರಾಗಿದ್ದು ನಿವೃತ್ತನಾದವನು. ಅಷ್ಟು ವರ್ಷದಲ್ಲಿ ಒಂದು ಗಾಜನ್ನೂ ಒಡೆದವನಲ್ಲ ಎಂದು ಮೇಷ್ಟರುಗಳೆಲ್ಲ ಸೇರಿ ಬೀಳ್ಕೊಡುಗೆಯ ದಿನ ಅವನಿಗೊಂದು ಗಾಜಿನ ಆಲಿಕೆಯನ್ನೇ ಉಡುಗೊರೆ ಕೊಟ್ಟಿದ್ದರು. ದಪ್ಪ ಹೊಟ್ಟೆ, ಸಣ್ಣ ಕಾಲು, ಕಾಲಿಗೊಂದು ನಲ್ಲಿ. ಎಣ್ಣೆಯನ್ನೂ ನೀರನ್ನೂ ಬೇರೆ ಮಾಡುವ ಸಾಧನ.

ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ನಿವೃತ್ತಿಯ ಮೊದಲ ತಿಂಗಳು ಇವನು ಅಡುಗೆಮನೆಗೆ ನುಗ್ಗಿದ. ಡಬ್ಬಕ್ಕೆಲ್ಲ ಚೀಟಿ ಅಂಟಿಸಿದ. ಉಪ್ಪನ್ನು ತಕ್ಕಡಿಯಲ್ಲಿ ತೂಗಿದ. ಹಾಲು ಎಷ್ಟು ಡಿಗ್ರಿಗೆ ಉಕ್ಕುತ್ತದೆಂದು ನೋಡುತ್ತ ನಿಂತು, ಉಕ್ಕಿದ್ದನ್ನು ಚೀಟಿಯಲ್ಲಿ ಬರೆದುಕೊಂಡನೇ ಹೊರತು ಒಲೆ ಆರಿಸಲಿಲ್ಲ. ಇನ್ನೇನು ಹೆಂಡತಿ ತವರಿನ ದಾರಿ ಹಿಡಿಯಬೇಕು, ಅಷ್ಟರಲ್ಲಿ ಪುಣ್ಯಕ್ಕೆ ಅವನ ಕಣ್ಣಿಗೊಂದು ಸುದ್ದಿ ಬಿತ್ತು: ಬಂಕಿನ ಪೆಟ್ರೋಲಿಗೆ ಈಗ ಎಥನಾಲು ಬೆರೆಸುತ್ತಾರೆ, ಹಳೆಯ ಗಾಡಿಗಳ ರಬ್ಬರಿಗೆ ಅದು ಆಗಿಬರುವುದಿಲ್ಲ. ಅವತ್ತೇ ಆಲಿಕೆ ಹಿತ್ತಲಿಗೆ ಹೋಯಿತು. ಪೆಟ್ರೋಲಿಗೆ ನೀರು ಹಾಕಿ ಕುಲುಕಿದರೆ ಎಥನಾಲು ನೀರಿನ ಕೈ ಹಿಡಿದು ಕೆಳಗಿಳಿಯುತ್ತದೆ, ಪೆಟ್ರೋಲು ಮೇಲೆ ತೇಲುತ್ತದೆ. ಕೆಳಗಿನದನ್ನು ನಲ್ಲಿಯಲ್ಲಿ ಬಿಟ್ಟು, ಮೇಲಿನದನ್ನು ‘ಶುದ್ಧ’ ಎಂದು ಚೀಟಿ ಹಚ್ಚಿದ ಕ್ಯಾನಿಗೆ ಸುರಿಯುವುದು. ಬಟ್ಟೆ ತೊಳೆಯುವವರುಂಟು, ಪಾತ್ರೆ ತೊಳೆಯುವವರುಂಟು, ಪೆಟ್ರೋಲು ತೊಳೆಯುವ ಮನುಷ್ಯ ಆ ಬೀದಿಗೆ ಅವನೊಬ್ಬನೇ.

ಗಂಡ: ಇವತ್ತು ನಾಲ್ಕು ಗಂಟೆಗೆ ನಿವೃತ್ತ ನೌಕರರ ಸಂಘದಲ್ಲಿ ನಾನು ತೊಳೆದು ತೋರಿಸಬೇಕು ಕಣೇ. ಹದಿನಾಲ್ಕು ಜನ ಗಾಡಿ ತರ್ತಾರೆ, ಕ್ಯಾನು ತರ್ತಾರೆ. ಬೋರ್ಡು ಬೇರೆ ಬರೆದಿಟ್ಟಿದ್ದೀನಿ, ನೋಡು ಅಲ್ಲಿ.

ಗೋಡೆಗೊರಗಿದ ಕರಿಹಲಗೆಯ ಮೇಲೆ ದುಂಡಗಿನ ಅಕ್ಷರ: ‘ಎಂಟು ತಿಂಗಳು, ಒಂದೂ ರಿಪೇರಿ ಇಲ್ಲ.’

ಹೆಂಡತಿ: ಹದಿನಾಲ್ಕು ಗಾಡಿಗೂ ನೀವು ತೊಳೆದದ್ದೇ ಹಾಕ್ತೀರಾ?

ಗಂಡ: ಮತ್ತೆ? ಮಾತು ಕೊಟ್ಟಿದ್ದೀನಿ. ಈ ಗಾಡಿ ಮೇಲೆ ಹೋಗಿ ಅವರೆದುರು ಇಳೀಬೇಕು ನಾನು. ತಳ್ಕೊಂಡು ಹೋದ್ರೆ ಮರ್ಯಾದೆ ಉಳಿಯುತ್ತಾ?

ಹೆಂಡತಿ ಬ್ಯಾಗನ್ನು ಕೈಯಲ್ಲಿ ಹಿಡಿದೇ ಕುರ್ಚಿಯ ಮೇಲೆ ಕುಸಿದಳು. ಗಾಡಿ ಯಾಕೆ ನಿಂತಿತೆಂದು ಅವಳಿಗೆ ಗೊತ್ತಿತ್ತು. ಪೆಟ್ರೋಲು ತೊಳೆಯಲು ಶುರುಮಾಡಿದ ಮೊದಲ ವಾರವೇ ಏರಿನಲ್ಲಿ ಗಾಡಿ ಏದುಸಿರು ಬಿಟ್ಟು, ಹಿಂದೆ ಕೂತಿದ್ದ ಅವಳು ಇಳಿದು ತಳ್ಳಿದ್ದಳು. ಮಾರನೆಯ ದಿನ ಗುಟ್ಟಾಗಿ ಬೀದಿ ತುದಿಯ ಮೆಕ್ಯಾನಿಕ್ಕನನ್ನು ಕೇಳಿದಳು. ಅಂದಿನಿಂದ ಗಂಡ ಬೆಳಗಿನ ವಾಕಿಂಗಿಗೆ ಹೋದನೆಂದರೆ ‘ಶುದ್ಧ’ದ ಕ್ಯಾನು ತರಕಾರಿ ಚೀಲ ಸೇರುತ್ತಿತ್ತು. ಮೆಕ್ಯಾನಿಕ್ಕನ ಅಂಗಡಿಯಲ್ಲಿ ಅದನ್ನು ಸುರಿದು, ಬಂಕಿನ ಮಾಮೂಲಿ ಪೆಟ್ರೋಲು ತುಂಬಿಸಿಕೊಂಡು, ಚೀಟಿ ಮುಂದಕ್ಕೆ ಕಾಣುವಂತೆ ಕ್ಯಾನನ್ನು ಇದ್ದಲ್ಲೇ ಇಡುತ್ತಿದ್ದಳು. ಆಮೇಲೆ ಎಂಟು ತಿಂಗಳು ಆ ಗಾಡಿ ಒಂದು ತೊಟ್ಟು ಶುದ್ಧ ಪೆಟ್ರೋಲನ್ನೂ ಕುಡಿದಿರಲಿಲ್ಲ. ಅವಳು ತಂಗಿಯ ಮನೆಯಲ್ಲಿದ್ದ ಈ ಮೂರು ವಾರ ಬರೀ ಅದನ್ನೇ ಕುಡಿದಿತ್ತು.

ಹೇಳಿಬಿಡಬಹುದಿತ್ತು. ಆದರೆ ಗಂಡ ಹಿತ್ತಲಲ್ಲಿ ಆಲಿಕೆ ಹಿಡಿದು ಹಾಡಿಕೊಳ್ಳುತ್ತಿದ್ದ. ಮುಖ್ಯವಾಗಿ, ಹಿತ್ತಲಲ್ಲಿ ಇರುತ್ತಿದ್ದ.

ಅಷ್ಟರಲ್ಲಿ ಕರೆಸಿದ್ದ ಮೆಕ್ಯಾನಿಕ್ ಸಾಮಾನಿನ ಚೀಲ ಹಿಡಿದು ಬಂದ.

ಮೆಕ್ಯಾನಿಕ್: ಓ, ಅಕ್ಕ ಬಂದ್ರಾ! ಅದೇ ಅಂದ್ಕೊಂಡೆ, ಮೂರು ವಾರದಿಂದ ಅಂಗಡಿ ಕಡೆ ಕಾಣಲೇ ಇಲ್ಲವಲ್ಲ ಅಂತ...

ಹೆಂಡತಿ ಕೆಮ್ಮಿದಳು. ತಡವಾಗಿತ್ತು.

ಗಂಡ: ಇವಳು ನಿನ್ನ ಅಂಗಡಿಗೆ ಯಾಕೆ ಬರ್ತಾಳೆ?

ಹೆಂಡತಿ: ಹೊಲಿಗೆ ಮಿಷನ್ನಿಗೆ ಎಣ್ಣೆ ಬೇಕಿತ್ತು.

ಗಂಡ: ಮಿಷನ್ನು ನಿನ್ನ ತಂಗಿಗೆ ಕೊಟ್ಟು ಎರಡು ವರ್ಷ ಆಯ್ತಲ್ಲೇ!

ಹೆಂಡತಿ: ಅವಳಿಗೇ ಬೇಕಿತ್ತು.

ಮೆಕ್ಯಾನಿಕ್: ಹೌದು ಸಾರ್, ಬಾಗಿಲಿಗೆ ಎಣ್ಣೆ ಕೇಳಿದ್ರು.

ಹೆಂಡತಿ: ಮಿಷನ್ನಿಗೆ!

ಮೆಕ್ಯಾನಿಕ್: ಮಿಷನ್ ಇಟ್ಟಿರೋ ರೂಮಿನ ಬಾಗಿಲಿಗೆ ಸಾರ್.

ಗಂಡ: ಬಾಗಿಲ ಮಾತು ಆಮೇಲೆ. ಗಾಡಿ ನೋಡಪ್ಪಾ.

ಮೆಕ್ಯಾನಿಕ್ ಕುಕ್ಕರಗಾಲಲ್ಲಿ ಕೂತ. ಕಾರ್ಬುರೇಟರಿನ ಕೆಳಗಿನ ಸ್ಕ್ರೂ ಸಡಿಲಿಸಿ, ಇಳಿದದ್ದನ್ನು ಗಾಜಿನ ಲೋಟಕ್ಕೆ ಹಿಡಿದ. ಲೋಟದಲ್ಲಿ ಎರಡು ಅಂತಸ್ತು ಕಂಡಿತು. ಮೇಲೆ ಪೆಟ್ರೋಲು, ಕೆಳಗೆ ತಿಳಿನೀರು.

ಗಂಡ: ನೀರು! ನೋಡಿದ್ಯಾ, ನೀರು! ಬಂಕಿನವರ ಮೋಸ ಇದು!

ಮೆಕ್ಯಾನಿಕ್: ಬಂಕಿಂದ ಬಂದ ನೀರಲ್ಲ ಸಾರ್. ಇದು...

ಹೆಂಡತಿ ಮತ್ತೆ ಕೆಮ್ಮಿದಳು.

ಮೆಕ್ಯಾನಿಕ್: ಇದು ಹವಾಮಾನ ಸಾರ್.

ಗಂಡ: ಹವಾಮಾನ ಟ್ಯಾಂಕಿನ ಒಳಗೆ ಮಳೆ ಸುರಿಸ್ತಾ? ಇರು, ಶಾಸ್ತ್ರೀಯವಾಗಿ ಯೋಚಿಸೋಣ. ಬಂಕು ಅದೇ, ಆಲಿಕೆ ಅದೇ, ತೊಳೆಯೋ ಕೈ ಇದೇ. ಎಂಟು ತಿಂಗಳು ಗಾಡಿ ಓಡ್ತು, ಮೂರು ವಾರದಲ್ಲಿ ನಿಲ್ತು. ಅಂದ್ರೆ ಏನರ್ಥ?

ಹೆಂಡತಿ: ಏನರ್ಥ?

ಗಂಡ: ಯಾರೋ ನನ್ನ ಕ್ಯಾನಿನ ಪೆಟ್ರೋಲು ಬದಲಾಯಿಸಿದ್ದಾರೆ!

ಮೆಕ್ಯಾನಿಕ್ಕನ ಕೈಯಿಂದ ಸ್ಪಾನರು ಠಣ್ಣೆಂದು ಬಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಆ ಜಾತಿಯ ಮುಖ ಮಾಡಿಕೊಂಡು ಅವನು ಮಂಚದ ಕೆಳಗೆ ಸ್ಪಾನರು ಹುಡುಕತೊಡಗಿದ. ಸ್ಪಾನರು ಕಾಲಬುಡದಲ್ಲೇ ಇತ್ತು.

ಗಂಡ: ನನ್ನ ಶುದ್ಧ ಪೆಟ್ರೋಲು ಹೊಡ್ಕೊಂಡು, ನೀರು ಬೆರೆತದ್ದು ತುಂಬಿಸಿಟ್ಟಿದ್ದಾರೆ. ಯಾರು ಅಂತಲೂ ಗೊತ್ತು. ಪಕ್ಕದ ಮನೆ ಪೋಸ್ಟ್‌ಮ್ಯಾನ್!

ಹೆಂಡತಿ: ಅಯ್ಯೋ, ಆ ಪಾಪದ ಮನುಷ್ಯ ಏನು ಮಾಡ್ದ?

ಗಂಡ: ಮೂರು ವಾರದಿಂದ ನನ್ನ ನೋಡಿ ನಗ್ತಾನೆ.

ಹೆಂಡತಿ: ನಡುಮನೇಲಿ ಗಾಡಿ ನಿಲ್ಲಿಸ್ಕೊಂಡು ಥರ್ಮಾಮೀಟರ್ ಇಟ್ರೆ ಯಾರಾದ್ರೂ ನಗ್ತಾರೆ.

ಗಂಡ: ನಮ್ಮಿಬ್ಬರ ನಡುವೆ ಇರೋದು ಸೊಂಟದುದ್ದ ಗೋಡೆ. ಅವನಿಗೂ ಗಾಡಿ ಇದೆ. ಇನ್ನೇನು ಸಾಕ್ಷಿ ಬೇಕು? ಎಲ್ಲಿ ನನ್ನ ಶರ್ಟು? ಈಗಲೇ ಹೋಗಿ ಕೊರಳಪಟ್ಟಿ ಹಿಡೀತೀನಿ. ಆಮೇಲೆ ಸಂಘಕ್ಕೆ ಹೋಗಿ ಹದಿನಾಲ್ಕು ಜನಕ್ಕೂ ಹೇಳ್ತೀನಿ, ತೊಳೆದ ಪೆಟ್ರೋಲಿಗೆ ಬೀಗ ಹಾಕಿ ಇಡ್ರಪ್ಪಾ ಅಂತ!

ಒಂದು ಕಡೆ ಪೋಸ್ಟ್‌ಮ್ಯಾನನ ಕೊರಳು, ಇನ್ನೊಂದು ಕಡೆ ಹದಿನಾಲ್ಕು ಗಾಡಿ, ಎದುರಿಗೆ ಗಂಡನ ಸಂತೋಷ. ಹೆಂಡತಿ ಮೂರನ್ನೂ ಒಮ್ಮೆ ನೋಡಿದಳು. ಬಾಗಿಲಿಗೆ ಅಡ್ಡ ನಿಂತಳು.

ಹೆಂಡತಿ: ರೀ, ಈ ಮೂರು ವಾರ ನಿಮ್ಮ ಪೆಟ್ರೋಲು ಯಾರೂ ಬದಲಾಯಿಸಿಲ್ಲ.

ಗಂಡ: ಅದು ನಿನಗೆ ಹೇಗೆ ಗೊತ್ತು?

ಹೆಂಡತಿ: ಬದಲಾಯಿಸೋಳು ಊರಲ್ಲಿರಲಿಲ್ಲ.

ಗಂಡನ ಒಂದು ಕೈ ಶರ್ಟಿನ ತೋಳಿನಲ್ಲಿ ಅರ್ಧಕ್ಕೇ ನಿಂತಿತು.

ಹೆಂಡತಿ: ಎಂಟು ತಿಂಗಳು ಗಾಡಿ ಓಡಿದ್ದು ಬಂಕಿನ ಪೆಟ್ರೋಲಲ್ಲೇ. ನೀವು ವಾಕಿಂಗ್ ಹೋದಾಗ ನಿಮ್ಮದನ್ನು ಇವನ ಅಂಗಡೀಲಿ ಕೊಟ್ಟು ಅದನ್ನು ತುಂಬಿಸ್ಕೊಂಡು ಬರ್ತಿದ್ದೆ.

ಗಂಡ: ಏನಪ್ಪಾ, ನಿಜಾನಾ?

ಮೆಕ್ಯಾನಿಕ್: ಮಿಷನ್ನಿಗೆ ಎಣ್ಣೆ...

ಹೆಂಡತಿ: ಸಾಕು ಬಿಡು ತಮ್ಮಾ, ಒಪ್ಕೊಂಡಾಯ್ತು.

ಮೆಕ್ಯಾನಿಕ್: ನಿಜ ಸಾರ್. ಎಥನಾಲನ್ನು ನೀರಲ್ಲಿ ಕಳೆದ್ರೆ ಪೆಟ್ರೋಲಿನ ಗತ್ತೂ ಅದರ ಜೊತೆಗೇ ಹೋಗುತ್ತೆ. ಉಳಿದದ್ದನ್ನು ಉರಿಸೋಕೆ ಇಂಜಿನ್ ಕಟಕಟ ಹಲ್ಲು ಕಡಿಯುತ್ತೆ. ಎಷ್ಟು ಹುಷಾರಾಗಿ ಸುರಿದ್ರೂ ಒಂದಿಷ್ಟು ನೀರು ಟ್ಯಾಂಕಿಗೆ ಹೋಗಿ ತಳದಲ್ಲಿ ಕೂರುತ್ತೆ.

ಗಂಡ: ಮತ್ತೆ ರಬ್ಬರು? ಎಥನಾಲಿಗೆ ಹಳೇ ರಬ್ಬರು ಬಿರಿಯುತ್ತಂತಲ್ಲ! ನನ್ನ ಗಾಡಿ ಪೈಪು ನೋಡು, ಹೊಸದರ ಹಾಗಿದೆ. ತೊಳೆದದ್ದಕ್ಕೇ ಹಾಗಿರೋದು!

ಮೆಕ್ಯಾನಿಕ್: ಹೊಸದೇ ಸಾರ್ ಅದು. ಪೈಪು, ವಾಷರ್ರು ಎಲ್ಲ ಈ ಪೆಟ್ರೋಲಿಗೆ ತಡೆಯೋ ಹಾಗಿನದು ಹಾಕಿಸಿದ್ದು ಅಕ್ಕ. ನೀವು ಕಣ್ಣಾಸ್ಪತ್ರೆಗೆ ಹೋದ ದಿನ. ಹಳೇ ಗಾಡಿಗೆ ಅಷ್ಟು ಮಾಡಿ, ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳಿಸದೆ, ವಾರಗಟ್ಟಲೆ ನಿಲ್ಲಿಸದೆ ದಿನಾ ಓಡಿಸಿದ್ರೆ ಆಯ್ತು. ಮೈಲೇಜು ಮಾತ್ರ ಸ್ವಲ್ಪ ಇಳಿಯುತ್ತೆ.

ಗಂಡ: ಇಳಿದಿತ್ತು! ನನ್ನ ಪುಸ್ತಕದಲ್ಲಿ ಬರೆದಿದ್ದೀನಿ, ಲೀಟರಿಗೆ ಎರಡು ಕಿಲೋಮೀಟರು ಇಳಿದಿತ್ತು.

ಹೆಂಡತಿ: ಆಗಲಾದ್ರೂ ಅನುಮಾನ ಬರಲಿಲ್ವಾ?

ಗಂಡ: ಕಾರಣ ಬರೆದುಬಿಟ್ಟಿದ್ದೆ.

ಹೆಂಡತಿ: ಏನಂತ?

ಗಂಡ ಕಿಟಕಿಯ ಮೇಲಿದ್ದ ಪುಸ್ತಕವನ್ನು ಮೆಲ್ಲನೆ ಬೆನ್ನ ಹಿಂದೆ ಸರಿಸಲು ಹೋದ. ಅವಳು ಕಿತ್ತುಕೊಂಡಳು. ಓದಿದಳು.

ಹೆಂಡತಿ: ‘ಹಿಂದಿನ ಸೀಟಿನ ತೂಕ ಹೆಚ್ಚಿದೆ.’ ಇದು ನಾನಾ?

ಮೆಕ್ಯಾನಿಕ್: ಅಕ್ಕ, ಸ್ಪಾನರು ಸಿಕ್ತು. ಹೊರಗೆ ಹೋಗಿ ಒಂಚೂರು ಟ್ಯಾಂಕು ಖಾಲಿ ಮಾಡ್ತೀನಿ.

ಅವನು ಗಾಡಿಯನ್ನು ಹಿತ್ತಲಿಗೆ ತಳ್ಳಿಕೊಂಡು ಹೋದ. ಹೆಂಡತಿ ಬೈಯಲೆಂದು ಪುಸ್ತಕ ಹಿಡಿದು ತಿರುಗಿದಳು. ಗಂಡ ಸ್ಟೂಲಿನ ಮೇಲೆ ಕೂತು ಗೋಡೆ ನೋಡುತ್ತಿದ್ದ. ನಿವೃತ್ತಿಯಾದ ಮಾರನೆಯ ದಿನ ನೋಡಿದ್ದನಲ್ಲ, ಅದೇ ನೋಟ.

ಗಂಡ: ಎಂಟು ತಿಂಗಳು ನಾನು ತೊಳೆದದ್ದೆಲ್ಲ ಚರಂಡಿಗೆ ಹೋಯ್ತಾ?

ಹೆಂಡತಿ: ಎಲ್ಲಾದ್ರೂ ಉಂಟಾ! ಈ ಬೀದಿ ಗಾಡಿಗಳ ಚೈನೆಲ್ಲ ಇವನು ಅದರಲ್ಲೇ ಉಜ್ಜಿರೋದು. ಪೋಸ್ಟ್‌ಮ್ಯಾನ್ ನಗೋದು ಅದಕ್ಕೇ ಕಣ್ರೀ. ಅವನ ಚೈನು ನೋಡಿ, ಬೆಳ್ಳಿ ಹಾಗೆ ಹೊಳೀತಿದೆ.

ಗಂಡ ಗೋಡೆ ಬಿಟ್ಟು ಅವಳ ಕಡೆ ತಿರುಗಿದ.

ಗಂಡ: ಎಂಟು ತಿಂಗಳಲ್ಲಿ ಒಂದು ಸಲವೂ ತಪ್ಪಿಸಿಲ್ಲವಾ ನೀನು?

ಹೆಂಡತಿ: ಜ್ವರ ಬಂದಾಗಲೂ ಹೋಗಿದ್ದೀನಿ.

ಗಂಡ: ಮೂರು ವಾರ ನಾನು ಹಾಕಿದ್ದು ಪೂರ್ತಿ ತೊಳೆದದ್ದು?

ಹೆಂಡತಿ: ಪೂರ್ತಿ.

ಗಂಡ: ಅದೇ ಗಾಡಿ. ಅದೇ ರಸ್ತೆ. ಒಂದು ಸಲ ತೊಳೆಯದೆ, ಒಂದು ಸಲ ತೊಳೆದು. ಹಾಕಿದವನಿಗೇ ಏನು ಹಾಕ್ತಿದ್ದೀನಿ ಅಂತ ಗೊತ್ತಿಲ್ಲ!

ಅವನು ಸ್ಟೂಲಿನಿಂದ ಚಂಗನೆ ಎದ್ದ.

ಗಂಡ: ಲೇ! ಮೂವತ್ತೊಂದು ವರ್ಷದಲ್ಲಿ ಇಷ್ಟು ಅಚ್ಚುಕಟ್ಟಾದ ಪ್ರಯೋಗ ನಮ್ಮ ಸ್ಕೂಲಲ್ಲಿ ಒಬ್ಬ ಮೇಷ್ಟರೂ ಮಾಡಿರಲಿಲ್ಲ ಕಣೇ! ಸೀಮೆಸುಣ್ಣ ಕೊಡು!

ಕರಿಹಲಗೆಯ ಮೇಲೆ ‘ಎಂಟು ತಿಂಗಳು, ಒಂದೂ ರಿಪೇರಿ ಇಲ್ಲ’ ಎಂದಿತ್ತಲ್ಲ, ಅದರ ಮುಂದೆ ‘ತೊಳೆಯದೆ’ ಎಂದು ಸೇರಿಸಿದ. ಕೆಳಗೆ ಬರೆದ: ‘ತೊಳೆದು: ಮೂರು ವಾರ, ಗಾಡಿ ಮಲಗಿತು.’ ಇನ್ನೂ ಕೆಳಗೆ, ಸಣ್ಣ ಅಕ್ಷರದಲ್ಲಿ: ‘ಅಟೆಂಡರ್: ನನ್ನ ಹೆಂಡತಿ.’

ಹೆಂಡತಿ: ಮೋಸ ಮಾಡಿದೋಳಿಗೆ ಕೆಲಸ ಕೊಟ್ರಾ?

ಗಂಡ: ಸಂಬಳ ಇಲ್ಲ. ಹಿಂದಿನ ಸೀಟು ಇದೆ, ಬಾ.

ಹಿತ್ತಲಲ್ಲಿ ಟ್ಯಾಂಕು ಬರಿದಾಗಿ, ಕಾರ್ಬುರೇಟರು ಒಣಗಿ, ಮಾಮೂಲಿ ಪೆಟ್ರೋಲು ಬಿದ್ದಿತ್ತು. ಮೂರನೆಯ ಒದೆತಕ್ಕೆ ಗಾಡಿ ಎದ್ದು ಕೂತು ಗುರುಗುಟ್ಟಿತು. ಇನ್ನೂ ಮೂರೂವರೆ. ಗಂಡನ ಮುಖ ಹೊಸ ಲೋಟದ ಹಾಗೆ ಬೆಳಗುತ್ತಿತ್ತು. ಅವನು ಆಲಿಕೆಯನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟ. ಚೀಟಿಗಳ ಕಟ್ಟನ್ನೂ ಅಂಟಿನ ಬಾಟಲಿಯನ್ನೂ ಮಾತ್ರ ಜೇಬಿಗೆ ಹಾಕಿಕೊಂಡ.

ಗಂಡ: ಸರಿ, ಪೆಟ್ರೋಲಿನ ಪ್ರಯೋಗ ಇವತ್ತಿಗೆ ಮುಗೀತು. ನಾಳೆಯಿಂದ ಬಿಡುವು. ನೀನಿಲ್ಲದಾಗ ನೋಡಿದೆ ಕಣೇ, ನಿನ್ನ ಅಡುಗೆಮನೇಲಿ ಒಂದು ಡಬ್ಬದ ಮೇಲೂ ನನ್ನ ಚೀಟಿ ಉಳಿದಿಲ್ಲ...

ಗಾಡಿ ಹತ್ತಲು ಕಾಲೆತ್ತಿದ್ದ ಹೆಂಡತಿ ಕಾಲು ಇಳಿಸಿದಳು.

ಹೆಂಡತಿ: ತಮ್ಮಾ! ಚೈನು ಕೊಳೆಯಾದ ಗಾಡಿಗಳು ಈ ಊರಲ್ಲಿ ಇನ್ನೂ ಎಷ್ಟಿವೆ?

ಮೆಕ್ಯಾನಿಕ್: ಬೇಕಾದಷ್ಟಿವೆ ಅಕ್ಕ.

ಹೆಂಡತಿ: ಕೇಳಿದ್ರೇನ್ರೀ? ಆ ಆಲಿಕೆ ಪೆಟ್ಟಿಗೆಯಿಂದ ತೆಗೀರಿ. ನಾಳೆ ಬೆಳಿಗ್ಗೆ ಐದು ಲೀಟರು ತೊಳೀಬೇಕು!